ಬೆಲೆ ಹೋಲಿಕೆ ವೆಬ್‌ಸೈಟ್ ಶುರು ಮಾಡುವುದು ಹೇಗೆ? ಒಂದು ಮಿಕ್ಸಿ ಇಟ್ಟುಕೊಂಡು ಕಲಿಯೋಣ

ನವರಾತ್ರಿಗೆ ಹದಿನೈದು ದಿನ ಇದ್ದಾಗ ತೀರ್ಥಹಳ್ಳಿಯಿಂದ ಚಿಕ್ಕಮ್ಮ ಫೋನ್ ಮಾಡಿದರು. "ಮಿಕ್ಸಿ ಸುಟ್ಟೋಯ್ತು ಕಣೋ. ಎಲ್ಲಿ ಕಡಿಮೆಗೆ ಸಿಗತ್ತೆ ನೋಡಿ ಹೇಳು" ಅಂದರು. ಅವರಿಗೆ ಬೇಕಿದ್ದ ಮಾಡೆಲ್ ಯಾವುದು ಅಂತ ಅವರಿಗೇ ಗೊತ್ತಿತ್ತು. ಇನ್ನೇನು ಐದು ನಿಮಿಷದ ಕೆಲಸ ಅಂದುಕೊಂಡು ಕೂತೆ. ಮುಕ್ಕಾಲು ಗಂಟೆ ಹಿಡಿಯಿತು.

ಒಂದು ಅಂಗಡಿಯಲ್ಲಿ ಬೆಲೆ ಕಡಿಮೆ ಇತ್ತು, ಆದರೆ 577432 ಪಿನ್‌ಕೋಡ್‌ಗೆ ಡೆಲಿವರಿ ಇರಲಿಲ್ಲ. ಇನ್ನೊಂದರಲ್ಲಿ ಕಡಿಮೆ ಬೆಲೆ ಸಿಗುತ್ತಿದ್ದದ್ದು ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇದ್ದವರಿಗೆ ಮಾತ್ರ. ಮೂರನೆಯದರಲ್ಲಿ ಹೆಸರು ಅದೇ, ಫೋಟೋ ಅದೇ, ಆದರೆ ಜಾರ್ ಒಂದು ಕಡಿಮೆ.

ಈ ಮುಕ್ಕಾಲು ಗಂಟೆಯನ್ನು ಹತ್ತು ಸೆಕೆಂಡಿಗೆ ಇಳಿಸಿಕೊಡುವುದೇ ಬೆಲೆ ಹೋಲಿಕೆ ವೆಬ್‌ಸೈಟಿನ ವ್ಯಾಪಾರ. ನಾನು ಅಡುಗೆಮನೆ ಸಾಮಾನಿನ ಒಂದು ಸಣ್ಣ ಹೋಲಿಕೆ ತಾಣ ನಡೆಸಿ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇಡೀ ಬರಹದಲ್ಲಿ ನಾನು ಒತ್ತಿ ಹೇಳುವುದು ಒಂದೇ ಮಾತು: ಗ್ರಾಹಕರು ಕೊನೆಗೆ ಜೇಬಿನಿಂದ ಎಷ್ಟು ಕೊಡುತ್ತಾರೋ ಆ ಮೊತ್ತವನ್ನು ಸರಿಯಾಗಿ ತೋರಿಸಿ. ಅದಕ್ಕೆ ಎಷ್ಟು ವಸ್ತುಗಳನ್ನು ನಿಭಾಯಿಸಲು ಆಗುತ್ತದೋ ಅಷ್ಟನ್ನೇ ಇಟ್ಟುಕೊಳ್ಳಿ.

ಹಂತ 1: ದುಡ್ಡು ಎಲ್ಲಿಂದ ಬರುತ್ತದೆ ತಿಳಿದುಕೊಳ್ಳಿ

ನೀವು ಏನನ್ನೂ ಮಾರುವುದಿಲ್ಲ. ನಿಮ್ಮ ಪುಟದಿಂದ ಅಂಗಡಿಗೆ ಹೋದವರು ಅಲ್ಲಿ ಕೊಂಡರೆ ಅಂಗಡಿ ನಿಮಗೆ ಕಮಿಷನ್ ಕೊಡುತ್ತದೆ. ಇದಕ್ಕೆ ಅಫಿಲಿಯೇಟ್ ಅನ್ನುತ್ತಾರೆ. ಎರಡನೆಯ ದಾರಿ, ಕ್ಲಿಕ್‌ಗೆ ಇಷ್ಟು ಅಂತ ಅಂಗಡಿಯಿಂದ ತೆಗೆದುಕೊಳ್ಳುವುದು. ಮೂರನೆಯದು ಜಾಹೀರಾತು. ನಾಲ್ಕನೆಯದು, ಊರಿನ ಅಂಗಡಿಗಳಿಂದ ತಿಂಗಳ ಶುಲ್ಕ. ಹೊಸಬರಿಗೆ ಮೊದಲು ಕೈಗೆ ಸಿಗುವುದು ಅಫಿಲಿಯೇಟ್.

ನಮ್ಮ ದೇಶದಲ್ಲಿ ಈ ವ್ಯಾಪಾರ ಹೊಸದೇನಲ್ಲ. ಮೈಸ್ಮಾರ್ಟ್‌ಪ್ರೈಸ್ 2010ರಲ್ಲೇ ಶುರುವಾಯಿತು. ಅಮೆಜಾನ್ ಭಾರತಕ್ಕೆ ಮೊದಲು ಬಂದದ್ದೇ ಹೋಲಿಕೆ ತಾಣದ ರೂಪದಲ್ಲಿ: 2012ರ ಫೆಬ್ರವರಿಯಲ್ಲಿ ಜಂಗ್ಲಿ.ಕಾಂ ತೆರೆಯಿತು, ಆಮೇಲೆ 2013ರ ಜೂನ್‌ನಲ್ಲಿ ತನ್ನದೇ ಮಾರುಕಟ್ಟೆ ಶುರು ಮಾಡಿತು. ಜಂಗ್ಲಿ 2017ರಲ್ಲಿ ಮುಚ್ಚಿತು. ಮೊಬೈಲ್, ಲ್ಯಾಪ್‌ಟಾಪ್ ಹೋಲಿಕೆಯಲ್ಲಿ ಈಗಾಗಲೇ ದೊಡ್ಡ ತಂಡಗಳು ಕೂತಿವೆ. ಒಬ್ಬರೇ ಅಥವಾ ಇಬ್ಬರೇ ಹೋಗಿ ಅಲ್ಲಿ ಗುದ್ದಾಡುವುದು ಬೇಡ.

ಇನ್ಶೂರೆನ್ಸ್ ಹೋಲಿಕೆಯಲ್ಲಿ ಕಮಿಷನ್ ಜಾಸ್ತಿ ಅಂತ ಯಾರಾದರೂ ಆಸೆ ಹುಟ್ಟಿಸಬಹುದು. ಅದು ಬೇರೆಯದೇ ಲೋಕ. ವಿಮಾ ಪಾಲಿಸಿಗಳನ್ನು ಹೋಲಿಸಿ ಗ್ರಾಹಕರನ್ನು ಕಂಪನಿಗೆ ಕಳಿಸಲು ವಿಮಾ ನಿಯಂತ್ರಣ ಪ್ರಾಧಿಕಾರದ ಪರವಾನಗಿ ಬೇಕು. ಇಂಥ ವಿಮಾ ಹೋಲಿಕೆ ತಾಣಗಳಿಗಾಗಿ ಬಂದ 2017ರ ವೆಬ್ ಅಗ್ರಿಗೇಟರ್ ನಿಯಮಗಳು ಅದಕ್ಕೆ 25 ಲಕ್ಷ ರೂಪಾಯಿ ಬಂಡವಾಳ ಕೇಳಿದವು. ಸಾಮಾನಿನ ಬೆಲೆ ಹೋಲಿಸಲು ಅಂಥ ಪರವಾನಗಿ ಏನೂ ಬೇಡ.

ಹಂತ 2: ಒಂದೇ ಒಂದು ವಸ್ತು ಆರಿಸಿ

ಎಲ್ಲದರ ಬೆಲೆ ತೋರಿಸುವ ಸೈಟ್ ಮಾಡ್ತೀನಿ ಅಂತ ಹೊರಟವರು ಯಾವುದನ್ನೂ ಸರಿಯಾಗಿ ತೋರಿಸಲು ಆಗದೆ ನಿಲ್ಲಿಸುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹಾಗಾಗಿ ವಸ್ತು ಆರಿಸುವಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಅದನ್ನು ಕೊಳ್ಳುವ ಮೊದಲು ಜನ ಬೆಲೆ ವಿಚಾರಿಸುತ್ತಾರಾ? ಅಂಗಡಿಯಿಂದ ಅಂಗಡಿಗೆ ಬೆಲೆ ವ್ಯತ್ಯಾಸ ಆಗುತ್ತದಾ? ಮಾಡೆಲ್ ನಂಬರ್ ಸ್ಪಷ್ಟವಾಗಿ ಇದೆಯಾ? ಮತ್ತೆ, ಆ ವಸ್ತುವಿನ ಬಗ್ಗೆ ನಿಮಗೆ ಏನಾದರೂ ಗೊತ್ತಿದೆಯಾ?

ಮಿಕ್ಸಿ, ವೆಟ್ ಗ್ರೈಂಡರ್, ಯುಪಿಎಸ್ ಬ್ಯಾಟರಿ, ನೀರಿನ ಪಂಪು, ಕಳೆ ಕೊಚ್ಚುವ ಮಶಿನ್ ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಬಟ್ಟೆ ಆಗುವುದಿಲ್ಲ, ಯಾಕೆಂದರೆ ಒಂದೇ ಸೀರೆಯನ್ನು ಎರಡು ಅಂಗಡಿಯಲ್ಲಿ ಅದೇ ಸೀರೆ ಅಂತ ಗುರುತಿಸುವುದು ಕಷ್ಟ. ತರಕಾರಿ ಬೆಲೆ ಗಂಟೆಗೊಮ್ಮೆ ಬದಲಾಗುತ್ತದೆ, ಲಾಭವೂ ಕಮ್ಮಿ.

ಬೆಂಗಳೂರಿನಲ್ಲಿ ಇದ್ದು ಕಂಪ್ಯೂಟರ್ ಗೊತ್ತಿದ್ದರೆ ಎಸ್.ಪಿ. ರೋಡ್ ಒಂದು ಗಣಿ. ಅಲ್ಲಿ ಒಂದೇ ಗ್ರಾಫಿಕ್ಸ್ ಕಾರ್ಡಿಗೆ ಅಕ್ಕಪಕ್ಕದ ಅಂಗಡಿಗಳು ಬೇರೆ ಬೇರೆ ರೇಟು ಹೇಳುತ್ತವೆ. ಇನ್ನೊಂದು ಯೋಚನೆ ಅಮೆರಿಕದಲ್ಲಿರುವ ಕನ್ನಡಿಗರಿಗಾಗಿ. ಅಲ್ಲಿನ ಕರೆಂಟು 120 ವೋಲ್ಟ್, ನಮ್ಮದು 230. ಊರಿನಿಂದ ಹೊತ್ತುಕೊಂಡು ಹೋದ ಮಿಕ್ಸಿ ಅಲ್ಲಿ ಸರಿಯಾಗಿ ತಿರುಗುವುದಿಲ್ಲ. ಅದಕ್ಕೇ ಅಲ್ಲಿನ ಕರೆಂಟಿಗೆ ಹೊಂದುವ, 110 ವೋಲ್ಟ್ ಅಂತ ಕರೆಯುವ ಮಿಕ್ಸಿ, ಗ್ರೈಂಡರ್‌ಗಳನ್ನು ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ಹುಡುಕುತ್ತಾರೆ. ಚಿಕ್ಕ ಮಾರುಕಟ್ಟೆ ನಿಜ, ಆದರೆ ಹುಡುಕುವವರು ಕೊಳ್ಳಲೆಂದೇ ಹುಡುಕುವವರು.

ಹಂತ 3: ಕೋಡ್‌ಗೆ ಮುಂಚೆ ಒಂದು ಶೀಟ್

ಡೆವಲಪರ್‌ಗೆ ದುಡ್ಡು ಕೊಡಬೇಡಿ, ಡೊಮೈನ್ (ಸೈಟಿನ ವಿಳಾಸದ ಹೆಸರು) ಕೂಡ ಕೊಳ್ಳಬೇಡಿ. ಮೊದಲು ಒಂದು ಎಕ್ಸೆಲ್ ಶೀಟ್ ತೆಗೆಯಿರಿ. ಜಾಸ್ತಿ ಮಾರಾಟವಾಗುವ 40 ಮಾಡೆಲ್ ಬರೆಯಿರಿ. ಐದು ಅಂಗಡಿ ಆರಿಸಿ. ಎರಡು ವಾರ, ದಿನಕ್ಕೆ ಒಂದು ಸಲ, ಕೈಯಲ್ಲೇ ಬೆಲೆ ತುಂಬಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಈ ಎರಡು ವಾರದಲ್ಲಿ ಕಲಿಯುವುದನ್ನು ಬೇರೆ ಯಾರೂ ಹೇಳಿಕೊಡಲಾರರು: ಯಾವ ಅಂಗಡಿ ವಾರಾಂತ್ಯದಲ್ಲಿ ಬೆಲೆ ಇಳಿಸುತ್ತದೆ, ಯಾವುದರಲ್ಲಿ "ಸ್ಟಾಕ್ ಇಲ್ಲ" ಅನ್ನುವುದೇ ಜಾಸ್ತಿ, ಯಾವ ಮಾಡೆಲ್‌ನಲ್ಲಿ ಬೆಲೆ ಅಂತರ ದೊಡ್ಡದು.

ಶೀಟ್ ತುಂಬಿದ ಮೇಲೆ ನೋಡಿ. 40ರಲ್ಲಿ ಹೆಚ್ಚಿನ ಮಾಡೆಲ್‌ಗಳಿಗೆ ಎಲ್ಲ ಅಂಗಡಿಯಲ್ಲೂ ಬಹುತೇಕ ಒಂದೇ ಬೆಲೆ ಇದ್ದರೆ, ಆ ವಸ್ತು ಬಿಡಿ. ಹೋಲಿಸಲು ಏನೂ ಇಲ್ಲದ ಕಡೆ ಹೋಲಿಕೆ ಸೈಟ್ ಯಾರಿಗೂ ಬೇಕಾಗುವುದಿಲ್ಲ.

ಹಂತ 4: ಬೆಲೆ ತರುವ ದಾರಿಗಳು

ಅಂಗಡಿಯವರೇ ಕೊಡುವ ಡೇಟಾ ಫೀಡ್ (ವಸ್ತು, ಬೆಲೆಗಳ ಸಿದ್ಧ ಪಟ್ಟಿ) ಅಥವಾ ಎಪಿಐ (ನಮ್ಮ ಪ್ರೋಗ್ರಾಂ ಅಂಗಡಿಯ ಸರ್ವರ್‌ನಿಂದ ನೇರವಾಗಿ ಬೆಲೆ ಕೇಳುವ ದಾರಿ) ಎಲ್ಲಕ್ಕಿಂತ ಒಳ್ಳೆಯದು. ಅಮೆಜಾನ್‌ನ ಅಫಿಲಿಯೇಟ್ ಕಾರ್ಯಕ್ರಮವಾದ ಅಸೋಸಿಯೇಟ್ಸ್‌ಗೆ ಸೇರಿದರೆ ಲಿಂಕ್ ಸಿಗುತ್ತದೆ, ಆದರೆ ಸೇರಿದ 180 ದಿನದೊಳಗೆ ಕನಿಷ್ಠ 3 ಮಾರಾಟ ಆಗಬೇಕು, ಇಲ್ಲದಿದ್ದರೆ ಖಾತೆ ಮುಚ್ಚುತ್ತಾರೆ. ಆ ಮೂರನ್ನು ಮನೆಯವರ ಕೈಲಿ, ಸ್ನೇಹಿತರ ಕೈಲಿ ಕೊಳ್ಳಿಸಿ ಮುಗಿಸೋಣ ಅಂದುಕೊಳ್ಳಬೇಡಿ. ಸ್ವಂತ ಲಿಂಕಿನಿಂದ ತಾವೋ ನೆಂಟರೋ ಕೊಳ್ಳುವುದನ್ನು ನಿಯಮವೇ ನಿಷೇಧಿಸುತ್ತದೆ. ನನ್ನ ಚಿಕ್ಕಮ್ಮನಿಗೂ ನಾನು ಮಾಮೂಲಿ ಲಿಂಕನ್ನೇ ಕಳಿಸಿದ್ದು.

ಅಮೆಜಾನ್‌ನ ನಿಯಮಾವಳಿ ಪೂರ್ತಿ ಓದಿ. ಬೆಲೆಯನ್ನು ಅವರ ಎಪಿಐನಿಂದ ತಂದೇ ತೋರಿಸಬೇಕು, ಹಳೆಯ ಬೆಲೆ ಇಟ್ಟುಕೊಂಡು ತೋರಿಸುವುದಕ್ಕೆ ಸಮಯದ ಮಿತಿ ಇದೆ, ಬೆಲೆಯ ಏರಿಳಿತ ದಾಖಲಿಸುವುದಕ್ಕೂ ಅಲರ್ಟ್ ಕಳಿಸುವುದಕ್ಕೂ ನಿರ್ಬಂಧ ಇದೆ. ಅಂಥ ಸೌಲಭ್ಯ ಕೊಡಬೇಕಿದ್ದರೆ ಮೊದಲೇ ಲಿಖಿತ ಅನುಮತಿ ಕೇಳಿ. ಬೇರೆ ಅಂಗಡಿಗಳಿಗೆ ಕ್ಯೂಲಿಂಕ್ಸ್, ಆಡ್‌ಮಿಟಾಡ್ ತರಹದ ನೆಟ್‌ವರ್ಕ್‌ಗಳಿವೆ. ಒಂದು ಕಡೆ ನೋಂದಾಯಿಸಿದರೆ ಹಲವು ಅಂಗಡಿಗಳ ಲಿಂಕ್ ಸಿಗುತ್ತದೆ. ಮಿಕ್ಸಿ ಕಂಪನಿಗಳ ಸ್ವಂತ ಆನ್‌ಲೈನ್ ಅಂಗಡಿಗಳಿಗೂ ಒಂದು ಮೇಲ್ ಹಾಕಿ ನೋಡಿ. ಸಣ್ಣ ಸೈಟ್ ಅಂತ ಅಸಡ್ಡೆ ಮಾಡುತ್ತಾರೆ ಅಂದುಕೊಂಡಿದ್ದೆ, ಕೆಲವರು ತಕ್ಷಣ ಫೀಡ್ ಕೊಟ್ಟರು.

ಎರಡನೆಯ ದಾರಿ ಸ್ಕ್ರೇಪಿಂಗ್, ಅಂದರೆ ಪ್ರೋಗ್ರಾಂ ಬರೆದು ಅಂಗಡಿಯ ಪುಟದಿಂದ ಬೆಲೆ ಎತ್ತುವುದು. ಇಲ್ಲಿ ಹುಷಾರು. ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರ್ ವ್ಯವಸ್ಥೆಯಿಂದ ಡೇಟಾ ತೆಗೆಯುವುದರ ಬಗ್ಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಮಾತಾಡುತ್ತದೆ, ಪರಿಹಾರ ಕೊಡಬೇಕಾದೀತು. ಜೊತೆಗೆ ಅಂಗಡಿಯ ಬಳಕೆ ನಿಯಮ, ರೋಬೋಟ್ಸ್ ಫೈಲ್ (ಪ್ರೋಗ್ರಾಂಗಳು ಯಾವ ಪುಟಕ್ಕೆ ಬರಬಹುದು, ಬರಬಾರದು ಅಂತ ಸೈಟ್ ಬರೆದಿಡುವ ಫೈಲ್) ಏನು ಹೇಳುತ್ತದೆ ನೋಡಬೇಕು. ಬೇಡ ಅಂದ ಕಡೆ ಕೈ ಹಾಕಬೇಡಿ. ಅಂಥ ಪಾಯದ ಮೇಲೆ ಕಟ್ಟಿದ ವ್ಯಾಪಾರ ಒಂದು ನೋಟಿಸಿಗೆ ನಿಂತುಹೋಗುತ್ತದೆ.

ಮೂರನೆಯದು ಊರಿನ ಅಂಗಡಿಗಳು. ದೊಡ್ಡ ಸೈಟ್‌ಗಳು ಕೊಡಲಾಗದ್ದನ್ನು ನೀವು ಕೊಡಬಹುದಾದ ಜಾಗ ಇದು. ಹಾಸನದ ಒಂದು ಅಂಗಡಿಗೆ ಹೋಗಿ ನನ್ನ ಸೈಟ್ ಬಗ್ಗೆ ವಿವರಿಸಿದೆ. ಮಾಲೀಕರು ಪೂರ್ತಿ ಕೇಳಿಸಿಕೊಂಡು ಹೇಳಿದರು: "ಸರ್, ನಿಮಗೆ ಬೇಕಾದ್ರೆ ಆನ್‌ಲೈನ್‌ಗಿಂತ ಇನ್ನೂರು ಕಡಿಮೆಗೇ ಕೊಡ್ತೀನಿ. ಆದ್ರೆ ಅದನ್ನ ನೆಟ್‌ನಲ್ಲಿ ಹಾಕ್ಬೇಡಿ. ನಾಳೆನೇ ಡಿಸ್ಟ್ರಿಬ್ಯೂಟರ್ ಫೋನ್ ಬರತ್ತೆ."

ಅವರ ಕಷ್ಟ ನಿಜವಾದದ್ದು. ಹಾಗಾಗಿ ಊರಿನ ಅಂಗಡಿಗಳಿಗೆ ಬೇರೆ ವ್ಯವಸ್ಥೆ ಮಾಡಿದೆ. ಅವರು ಒಪ್ಪಿ ಕೊಟ್ಟ ಬೆಲೆ ಇದ್ದರೆ ದಿನಾಂಕದ ಸಮೇತ ತೋರಿಸುತ್ತೇನೆ. ಇಲ್ಲದಿದ್ದರೆ "ಫೋನ್ ಮಾಡಿ ಕೇಳಿ" ಅಂತ ಒಂದು ಬಟನ್, ಅದರ ಕೆಳಗೆ ಹಳೇ ಮಿಕ್ಸಿ ಎಕ್ಸ್‌ಚೇಂಜ್ ಇದೆಯಾ, ರಿಪೇರಿ ಅಲ್ಲೇ ಮಾಡಿಕೊಡುತ್ತಾರಾ ಅನ್ನುವ ವಿವರ. ಈ ಎರಡು ಸಾಲಿಗೆ ಬರುವ ಫೋನ್‌ಗಳನ್ನು ನೋಡಿ ಅಂಗಡಿಯವರೇ ತಿಂಗಳ ಶುಲ್ಕ ಕೊಡಲು ಒಪ್ಪಿದರು.

ಹಂತ 5: ಹೊಂದಿಸುವ ಕೆಲಸ

ನಿಮ್ಮ ನಿಜವಾದ ದುಡಿಮೆ ಇಲ್ಲಿದೆ. ಸೈಟಿನ ಅಂದಚೆಂದಕ್ಕಿಂತ ಹತ್ತು ಪಟ್ಟು ಸಮಯ ಇದಕ್ಕೆ ಇಡಿ.

ಪ್ರೀತಿ ಕಂಪನಿಯ ಜೋಡಿಯಾಕ್ ಮಿಕ್ಸಿ ತೆಗೆದುಕೊಳ್ಳಿ. ಮಾಡೆಲ್ ನಂಬರ್ ಎಂಜಿ 218, 750 ವ್ಯಾಟ್, ಐದು ಜಾರ್. ಒಂದು ಅಂಗಡಿ ಇದನ್ನು "ಪ್ರೀತಿ ಜೋಡಿಯಾಕ್ 750 ವ್ಯಾಟ್ ಮಿಕ್ಸರ್ ಗ್ರೈಂಡರ್ ಬ್ಲ್ಯಾಕ್" ಅನ್ನುತ್ತದೆ. ಇನ್ನೊಂದು "ಎಂಜಿ218 5 ಜಾರ್ಸ್" ಅಂತಷ್ಟೇ ಬರೆಯುತ್ತದೆ. ಇನ್ನೊಂದು ಅಂಗಡಿಯಲ್ಲಿ ಜೋಡಿಯಾಕ್ 2.0 ಅಂತ ಬೇರೆಯದೇ ಮಾಡೆಲ್ ಇರುತ್ತದೆ. ಅದೇ ಕಂಪನಿಯ ಬ್ಲೂ ಲೀಫ್ ಡೈಮಂಡ್ ಎಂಜಿ 214, ಬ್ಲೂ ಲೀಫ್ ಪ್ಲಾಟಿನಂ ಎಂಜಿ 139. ಎರಡೂ 750 ವ್ಯಾಟ್, ಹೆಸರಿನ ಅರ್ಧ ಭಾಗ ಒಂದೇ. ಹೆಸರು ನೋಡಿ ಹೊಂದಿಸುವ ಪ್ರೋಗ್ರಾಂ ಇವೆರಡನ್ನೂ ಒಂದೇ ಪುಟದಲ್ಲಿ ತುಂಬಿಬಿಡುತ್ತದೆ.

ಹೊಂದಿಸಲು ನಾನು ಅನುಸರಿಸುವ ಕ್ರಮ ಹೀಗಿದೆ. ಮೊದಲು ಬಾರ್‌ಕೋಡ್ ನಂಬರ್ ಹುಡುಕುತ್ತೇನೆ. ಡಬ್ಬದ ಮೇಲಿನ 13 ಅಂಕಿ ಅದು, ಭಾರತದಲ್ಲಿ ನೋಂದಾಯಿಸಿದ್ದು 890ರಿಂದ ಶುರುವಾಗುತ್ತದೆ. ಎರಡು ಕಡೆ ಅದು ಒಂದೇ ಇದ್ದರೆ ಬಹುತೇಕ ಚಿಂತೆ ಇಲ್ಲ. ಅದು ಸಿಗದಿದ್ದರೆ ಬ್ರ್ಯಾಂಡ್ ಮತ್ತು ಮಾಡೆಲ್ ನಂಬರ್ ಎರಡೂ ಹೊಂದಬೇಕು. ಅದಾದ ಮೇಲೆ ವ್ಯಾಟ್, ಜಾರ್ ಸಂಖ್ಯೆ, ವೋಲ್ಟ್ ಮೂರನ್ನೂ ತಾಳೆ ನೋಡುತ್ತೇನೆ. ಒಂದು ತಪ್ಪಿದರೂ ಅದು ಕೈಯಲ್ಲಿ ಪರೀಕ್ಷಿಸುವ ಪಟ್ಟಿಗೆ ಹೋಗುತ್ತದೆ. ಬಣ್ಣ ಬೇರೆ ಇದ್ದರೆ ಒಂದೇ ಪುಟದೊಳಗೆ ಬೇರೆ ಆಯ್ಕೆಯಾಗಿ ಇಡುತ್ತೇನೆ, ಯಾಕೆಂದರೆ ಬಣ್ಣದಿಂದಲೂ ಬೆಲೆ ಬದಲಾಗುತ್ತದೆ.

ಶುರುವಿನಲ್ಲಿ ನಾನು ಇಷ್ಟೆಲ್ಲ ಮಾಡಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಆರೂವರೆ ಸಾವಿರದ ಮಿಕ್ಸಿ 649 ರೂಪಾಯಿಗೆ ಅಂತ ನನ್ನ ಸೈಟ್ ತೋರಿಸುತ್ತಿತ್ತು. ಒಂದು ಅಂಗಡಿಯ ಫೀಡಿನಲ್ಲಿ ಅದೇ ಮಿಕ್ಸಿಯ ಚಟ್ನಿ ಜಾರ್ ಹೊಸದಾಗಿ ಸೇರಿತ್ತು. ಅದರ ಹೆಸರಲ್ಲಿ ಮಿಕ್ಸಿಯ ಪೂರ್ತಿ ಹೆಸರು, ಮಾಡೆಲ್ ನಂಬರ್ ಎಲ್ಲಾ ಇತ್ತು. ನಾನು ನೋಡುವಷ್ಟರಲ್ಲಿ ನೂರಾರು ಜನ ಕ್ಲಿಕ್ ಮಾಡಿ ಹೋಗಿದ್ದರು. ಆಸೆಯಿಂದ ಹೋಗಿ ಜಾರ್ ನೋಡಿದವರಿಗೆ ಎಷ್ಟು ಬೇಜಾರಾಗಿರಬೇಡ. ಅವತ್ತೇ ಒಂದು ನಿಯಮ ಹಾಕಿದೆ: ಹಿಂದಿನ ಬೆಲೆಗಿಂತ ಶೇಕಡ 40ಕ್ಕಿಂತ ಜಾಸ್ತಿ ಇಳಿದರೆ, ಮನುಷ್ಯರು ನೋಡಿ ಒಪ್ಪುವವರೆಗೂ ಪುಟಕ್ಕೆ ಬರುವುದಿಲ್ಲ. "ಜಾರ್", "ಬ್ಲೇಡ್", "ಕಪ್ಲರ್", "ಮುಚ್ಚಳ" ಪದಗಳು ಹೆಸರಿನ ಶುರುವಿನಲ್ಲಿ ಇದ್ದರೂ ಹಾಗೇ.

ಹಂತ 6: ಜೇಬಿನಿಂದ ಹೋಗುವ ಬೆಲೆ

ಒಂದು ಉದಾಹರಣೆ ನೋಡಿ, ಅಂಕಿಗಳು ಲೆಕ್ಕಕ್ಕಾಗಿ ಇಟ್ಟದ್ದು. ಅಂಗಡಿ ಒಂದರಲ್ಲಿ ಬೆಲೆ 6,499, ಟಿಕ್ ಹಾಕಿದರೆ 300ರ ಕೂಪನ್, ಡೆಲಿವರಿ ಉಚಿತ. ಕೊಡುವುದು 6,199. ಅಂಗಡಿ ಎರಡರಲ್ಲಿ ಬೆಲೆ 6,399, ನೋಡಲು ಇದೇ ಕಡಿಮೆ. ಆದರೆ ಡೆಲಿವರಿಗೆ 99, ಪ್ಲಾಟ್‌ಫಾರ್ಮ್ ಫೀ 7. ಕೊಡುವುದು 6,505. ಅಂಗಡಿ ಮೂರರಲ್ಲಿ 6,749, ಒಂದು ಬ್ಯಾಂಕಿನ ಕಾರ್ಡಿಗೆ ಶೇಕಡ 10 ರಿಯಾಯಿತಿ, ಹೆಚ್ಚೆಂದರೆ 750 ರೂಪಾಯಿ. ಆ ಕಾರ್ಡ್ ಇದ್ದವರು ಕೊಡುವುದು ಸುಮಾರು 6,074, ಇಲ್ಲದವರು 6,749.

ಈಗ ಮೊದಲು ಯಾವುದನ್ನು ತೋರಿಸುತ್ತೀರಿ? ನನ್ನ ಉತ್ತರ: ಯಾರು ಬೇಕಾದರೂ ಯುಪಿಐನಲ್ಲಿ ಕೊಟ್ಟು ಪಡೆಯಬಹುದಾದ ಬೆಲೆಯಂತೆ ಸಾಲಾಗಿ ಜೋಡಿಸಿ. ಕಾರ್ಡಿನ ಬೆಲೆಯನ್ನು ಅದರ ಪಕ್ಕದಲ್ಲೇ, ಯಾವ ಬ್ಯಾಂಕು, ಡೆಬಿಟ್ಟಾ ಕ್ರೆಡಿಟ್ಟಾ ಅಂತ ಬರೆದು ಬೇರೆ ತೋರಿಸಿ. ಮೂರನೆಯ ಅಂಗಡಿಯನ್ನು 6,074 ಅಂತ ಮೇಲೆ ಹಾಕಿದರೆ ಕ್ಲಿಕ್ ಜಾಸ್ತಿ ಬರುತ್ತದೆ ನಿಜ. ಆದರೆ ಆ ಕಾರ್ಡ್ ಇಲ್ಲದವರು ಅಂಗಡಿಗೆ ಹೋಗಿ 6,749 ನೋಡಿ, ನಿಮ್ಮ ಸೈಟನ್ನು ಮತ್ತೆ ತೆರೆಯುವುದಿಲ್ಲ.

ಪಿನ್‌ಕೋಡ್ ಕೇಳುವ ಪೆಟ್ಟಿಗೆಯನ್ನು ಪುಟದ ಮೇಲ್ಭಾಗದಲ್ಲೇ ಇಡಿ. 560001ಕ್ಕೆ ನಾಳೆ ಬರುವ ಮಿಕ್ಸಿ 577432ಕ್ಕೆ ಬಾರದೇ ಇರಬಹುದು. ಎಲ್ಲ ಅಂಗಡಿಗಳೂ ಪಿನ್‌ಕೋಡ್ ಮಾಹಿತಿ ಕೊಡುವುದಿಲ್ಲ, ಕೊಡದ ಕಡೆ "ಡೆಲಿವರಿ ಅಂಗಡಿಯಲ್ಲೇ ನೋಡಿ" ಅಂತ ನೇರವಾಗಿ ಬರೆಯಿರಿ.

ಇನ್ನು ಎಂಆರ್‌ಪಿ. 2011ರ ಪ್ಯಾಕ್ ಮಾಡಿದ ವಸ್ತುಗಳ ನಿಯಮದಂತೆ ಡಬ್ಬದ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಇರಬೇಕು. ಅದು ಮೇಲಿನ ಮಿತಿ ಮಾತ್ರ, ಆ ಬೆಲೆಗೆ ಮಿಕ್ಸಿ ಮಾರುವ ಅಂಗಡಿ ನನಗಂತೂ ಸಿಕ್ಕಿಲ್ಲ. ಹಾಗಿದ್ದ ಮೇಲೆ "ಶೇಕಡ 45 ಆಫ್" ಅನ್ನುವ ಅಂಕಿಯಿಂದ ಗ್ರಾಹಕರಿಗೆ ಏನು ತಿಳಿಯುತ್ತದೆ? ನನ್ನ ಸೈಟಿನಲ್ಲಿ ನಾನು ಶೇಕಡಾವಾರು ರಿಯಾಯಿತಿ ತೋರಿಸುವುದೇ ಇಲ್ಲ. ಅದರ ಬದಲು, ಅನುಮತಿ ಇರುವ ಅಂಗಡಿಗಳ ಮಟ್ಟಿಗೆ, ಕಳೆದ ಮೂರು ತಿಂಗಳಲ್ಲಿ ಬೆಲೆ ಎಲ್ಲಿಂದ ಎಲ್ಲಿಗೆ ಓಡಾಡಿದೆ ಅಂತ ತೋರಿಸುತ್ತೇನೆ.

ಪ್ರತಿ ಬೆಲೆಯ ಕೆಳಗೆ "ಇಂದು ಬೆಳಿಗ್ಗೆ 9.40ಕ್ಕೆ ನೋಡಿದ ಬೆಲೆ" ಅಂತ ಸಮಯ ಹಾಕಿ.

ಹಂತ 7: ಸೈಟ್ ಕಟ್ಟುವುದು

ಇಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 40 ಮಾಡೆಲ್ ಇರುವಾಗ ಕೋಡ್ ಬರೆಯದೇ ಸೈಟ್ ಕಟ್ಟಲು ಬಿಡುವ ವರ್ಡ್‌ಪ್ರೆಸ್ ಸಾಕು. ನೂರಾರು ಮಾಡೆಲ್ ದಾಟಿದ ಮೇಲೆ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯುಎಲ್ ಡೇಟಾಬೇಸ್ ಇಟ್ಟು ಸ್ವಂತವಾಗಿ ಬರೆಸಿ. ಡೇಟಾಬೇಸಿನಲ್ಲಿ ವಸ್ತು, ಅಂಗಡಿ, ಆ ಅಂಗಡಿಯಲ್ಲಿ ಆ ವಸ್ತುವಿನ ಲಿಂಕ್, ಬೆಲೆ ನೋಡಿದ ಹೊತ್ತು ಇವಕ್ಕೆ ಬೇರೆ ಬೇರೆ ಕೋಷ್ಟಕ ಇರಲಿ. ಒಂದೇ ಸಾಲಿನಲ್ಲಿ ಎಲ್ಲ ತುರುಕಿದರೆ ಆರು ತಿಂಗಳ ನಂತರ ಬಿಚ್ಚಿ ಕಟ್ಟಬೇಕಾಗುತ್ತದೆ.

ನಿಮ್ಮ ಓದುಗರಲ್ಲಿ ಹೆಚ್ಚಿನವರು ಸಾಧಾರಣ ಮೊಬೈಲಿನಲ್ಲಿ, ಕೆಲವೊಮ್ಮೆ ಎರಡೇ ಕಡ್ಡಿ ಸಿಗ್ನಲ್‌ನಲ್ಲಿ ನೋಡುತ್ತಾರೆ. ಬೆಲೆ ಪಟ್ಟಿ ಮೊದಲು ಬರಲಿ, ಫೋಟೋ ಆಮೇಲೆ. ಸರ್ಚ್ ಎಂಜಿನ್‌ಗೆ ಬೆಲೆ ಅರ್ಥವಾಗಲು ಪುಟದ ಕೋಡಿನಲ್ಲಿ ಪ್ರಾಡಕ್ಟ್, ಆಫರ್ ಎಂಬ ಸ್ಕೀಮಾ ಗುರುತು (ಇದು ವಸ್ತು, ಇದು ಬೆಲೆ ಅಂತ ಹೇಳುವ ಗುರುತು) ಹಾಕಿಸಿ. ಕಮಿಷನ್ ಬರುವ ಲಿಂಕ್‌ಗಳಿಗೆ "ಸ್ಪಾನ್ಸರ್ಡ್" ಗುರುತು ಇರಬೇಕು, ಗೂಗಲ್ ಇದನ್ನು 2019ರಲ್ಲಿ ತಂದಿತು. ಅಂಗಡಿಯ ಹೆಸರನ್ನಾಗಲಿ ಬ್ರ್ಯಾಂಡ್ ಹೆಸರನ್ನಾಗಲಿ ಡೊಮೈನ್‌ನಲ್ಲಿ ಸೇರಿಸಬೇಡಿ. ಫೋಟೋಗಳನ್ನು ಎಲ್ಲಿಂದಲೋ ಎತ್ತಬೇಡಿ. ಫೀಡಿನಲ್ಲಿ ಬಂದದ್ದು ಬಳಸಿ, ಇಲ್ಲವೇ ಅಂಗಡಿಗೆ ಹೋಗಿ ಕೇಳಿ ನೀವೇ ತೆಗೆಯಿರಿ. ಜಾರ್‌ನ ಒಳಗಿನ ಬ್ಲೇಡ್, ಹಿಂದಿನ ಸ್ಟಿಕರ್, ವೈರಿನ ಉದ್ದ ತೋರಿಸುವ ಫೋಟೋಗಳನ್ನು ಜನ ತುಂಬಾ ಹೊತ್ತು ನೋಡುತ್ತಾರೆ.

ಹಂತ 8: ಕಾಗದಪತ್ರ, ತೆರಿಗೆ, ಕಾನೂನು

ಒಬ್ಬರೇ ಇದ್ದರೆ ಪ್ರೊಪ್ರೈಟರ್‌ಶಿಪ್ ಸಾಕು. ಪಾಲುದಾರರಿದ್ದರೆ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ ನೋಡಿ. ವ್ಯವಹಾರಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ, ಅದಕ್ಕೆ ಸಾವಿರಾರು ರೂಪಾಯಿ ಕೇಳುವ ಏಜೆಂಟರ ಹತ್ತಿರ ಹೋಗಬೇಡಿ.

ಸೇವೆಗಳಿಗೆ ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯ ಇಲ್ಲ. ನೋಂದಣಿ ಆದ ಮೇಲೆ ಕಮಿಷನ್ ಮೇಲೆ ಶೇಕಡ 18 ಬರುತ್ತದೆ. ಕಮಿಷನ್ ಕೊಡುವವರು ಟಿಡಿಎಸ್ ಹಿಡಿದು ಕೊಡುತ್ತಾರೆ, ಪ್ಯಾನ್ ಸರಿಯಾಗಿ ಕೊಟ್ಟಿರಿ. ಒಬ್ಬ ಸಿಎ ಹತ್ತಿರ ಶುರುವಿನಲ್ಲೇ ಒಂದು ಗಂಟೆ ಕೂತು ಮಾತಾಡಿ.

ಕಮಿಷನ್ ವಿಷಯ ಮುಚ್ಚಿಡಬಾರದು. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದಾರಿ ತಪ್ಪಿಸುವ ಜಾಹೀರಾತು ತಡೆಯಲು ಮಾರ್ಗಸೂಚಿ ತಂದಿದೆ. ವ್ಯಾಪಾರದ ಸಂಬಂಧ ಇದ್ದರೆ ಅದನ್ನು ಹೇಳಬೇಕು. ನನ್ನ ಪುಟದ ಮೇಲೆ, ಬೆಲೆ ಪಟ್ಟಿಗಿಂತ ಮುಂಚೆಯೇ, ಹೀಗಿದೆ: "ಈ ಲಿಂಕ್‌ಗಳಿಂದ ನೀವು ಕೊಂಡರೆ ಅಂಗಡಿಯವರು ನಮಗೆ ಕಮಿಷನ್ ಕೊಡುತ್ತಾರೆ. ನಿಮಗೆ ಬೆಲೆ ಜಾಸ್ತಿ ಆಗುವುದಿಲ್ಲ. ಕಮಿಷನ್ ನೋಡಿ ನಾವು ಅಂಗಡಿಗಳ ಕ್ರಮ ಬದಲಿಸುವುದಿಲ್ಲ." ಕೊನೆಯ ವಾಕ್ಯ ಬರೆದರೆ ಅದರಂತೆ ನಡೆಯಲೇಬೇಕು. ಹಣ ಕೊಟ್ಟ ಅಂಗಡಿಯನ್ನು ಮೇಲೆ ಹಾಕುವುದಾದರೆ ಅದರ ಮೇಲೆ "ಜಾಹೀರಾತು" ಅಂತ ಬರೆಯಿರಿ.

ಅದೇ ಪ್ರಾಧಿಕಾರ 2023ರ ನವೆಂಬರ್ 30ರಂದು 13 ಬಗೆಯ ಮೋಸದ ವಿನ್ಯಾಸಗಳನ್ನು, ಅಂದರೆ ಡಾರ್ಕ್ ಪ್ಯಾಟರ್ನ್‌ಗಳನ್ನು ನಿಷೇಧಿಸಿದೆ. "ಇನ್ನು ಎರಡೇ ಉಳಿದಿವೆ, ಬೇಗ ಬನ್ನಿ" ಅಂತ ಸುಮ್ನೆ ಆತುರ ಹುಟ್ಟಿಸುವುದು, ಜಾಹೀರಾತನ್ನು ಲೇಖನದ ಹಾಗೆ ತೋರಿಸುವುದು ಆ ಪಟ್ಟಿಯಲ್ಲಿವೆ. ಬೆಲೆ ಇಳಿದಾಗ ತಿಳಿಸಲು ಫೋನ್ ನಂಬರ್ ತೆಗೆದುಕೊಂಡರೆ, 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆಯಂತೆ ಒಪ್ಪಿಗೆ ಬೇಕು, ಆ ನಂಬರನ್ನು ಆ ಕೆಲಸಕ್ಕೆ ಮಾತ್ರ ಬಳಸಬೇಕು.

ಹಂತ 9: ಜನರನ್ನು ತರುವುದು

ಬ್ರಿಟನ್‌ನಲ್ಲಿ 2006ರಲ್ಲಿ ಫೌಂಡೆಮ್ ಅನ್ನುವ ಹೋಲಿಕೆ ತಾಣ ಶುರುವಾಯಿತು. ಕೆಲವೇ ದಿನಗಳಲ್ಲಿ ಗೂಗಲ್ ಹುಡುಕಾಟದಲ್ಲಿ ಅದು ತೀರಾ ಕೆಳಗೆ ಹೋಯಿತು. ನಡೆಸುತ್ತಿದ್ದ ದಂಪತಿ 2009ರಲ್ಲಿ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟರು. ತನ್ನ ಸ್ವಂತ ಶಾಪಿಂಗ್ ಸೇವೆಯನ್ನೇ ಮೇಲೆ ತೋರಿಸಿದ್ದಕ್ಕೆ 2017ರಲ್ಲಿ ಗೂಗಲ್‌ಗೆ 242 ಕೋಟಿ ಯೂರೋ ದಂಡ ಬಿತ್ತು, 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನ್ಯಾಯ ಸಿಕ್ಕಿತು, ಆದರೆ ಅಷ್ಟರೊಳಗೆ ಆ ತಾಣವೇ ಮುಚ್ಚಿಹೋಗಿತ್ತು. ಹಾಗಾಗಿ ಗೂಗಲ್‌ನಿಂದ ಬರುವವರನ್ನು ಸ್ವಾಗತಿಸಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಬರೀ ಬೆಲೆ ಪಟ್ಟಿ ಇರುವ ಪುಟವನ್ನು ಗೂಗಲ್ ಮೇಲೆ ತರುವುದಿಲ್ಲ, ತರಬೇಕು ಅಂತ ನಾನೂ ಹೇಳುವುದಿಲ್ಲ. ಪುಟದಲ್ಲಿ ಬೇರೆ ಎಲ್ಲೂ ಸಿಗದ ಏನಾದರೂ ಇರಲಿ. ನಾಲ್ಕು ಜನರ ಮನೆಗೆ ದೋಸೆ ಹಿಟ್ಟು ಎಷ್ಟು ಸಲ ರುಬ್ಬಬೇಕು, ಒಣ ಕೊಬ್ಬರಿ ಹಾಕಿದರೆ ಮೋಟಾರ್ ಬಿಸಿಯಾಗುತ್ತದಾ, ಶಿವಮೊಗ್ಗದಲ್ಲಿ ಸರ್ವಿಸ್ ಸೆಂಟರ್ ಇದೆಯಾ. ಕನ್ನಡದಲ್ಲಿ ಇಂಥ ಮಾಹಿತಿ ಕಡಿಮೆ. ಫೋನಿಗೆ ಮಾತಾಡಿಯೇ ಹುಡುಕುವವರು "ಒಳ್ಳೆ ಮಿಕ್ಸಿ ಯಾವುದು", "ಗ್ರೈಂಡರ್ ರೇಟ್ ಎಷ್ಟು" ಅಂತಾರೆ. ಪುಟದ ಶೀರ್ಷಿಕೆಗಳೂ ಹಾಗೇ ಇರಲಿ, "ಮಿಶ್ರಣ ಯಂತ್ರದ ದರ" ಅಂತ ಯಾರೂ ಹುಡುಕುವುದಿಲ್ಲ ಅಲ್ವಾ?

ವಾಟ್ಸಾಪ್ ಚಾನೆಲ್ ಮಾಡಿ, ವಾರಕ್ಕೆ ಎರಡೇ ಸಂದೇಶ ಕಳಿಸಿ. ಅದರಲ್ಲಿ ನಿಮ್ಮ ಪುಟದ ಲಿಂಕ್ ಇರಲಿ. ಅಫಿಲಿಯೇಟ್ ಲಿಂಕನ್ನೇ ಮೇಲ್, ಮೆಸೇಜ್‌ಗಳಲ್ಲಿ ನೇರ ಕಳಿಸುವುದಕ್ಕೆ ಕೆಲವು ಕಾರ್ಯಕ್ರಮಗಳಲ್ಲಿ ಅನುಮತಿ ಇಲ್ಲ.

ಹಂತ 10: ಲೆಕ್ಕ ಹಾಕಿ ನೋಡಿ

ಇದೂ ಉದಾಹರಣೆಯ ಲೆಕ್ಕ. ತಿಂಗಳಿಗೆ 10,000 ಜನ ಬಂದರು. ಅದರಲ್ಲಿ 2,000 ಜನ ಅಂಗಡಿಗೆ ಹೋದರು. ನೂರಕ್ಕೆ ಮೂವರು ಕೊಂಡರೆ 60 ಮಾರಾಟ. ಒಂದಕ್ಕೆ ಸರಾಸರಿ 3,500 ಹಿಡಿದರೆ 2,10,000 ರೂಪಾಯಿ. ಕಮಿಷನ್ ಶೇಕಡ 4 ಇದ್ದರೆ 8,400. ಹತ್ತರಲ್ಲಿ ಒಂದು ವಾಪಸ್ ಹೋದರೆ ಉಳಿಯುವುದು 7,560. ಆ ಹಣವೂ ತಕ್ಷಣ ಕೈಗೆ ಬರುವುದಿಲ್ಲ, ವಾಪಸಾತಿ ಅವಧಿ ಮುಗಿದ ಮೇಲೆ, ಅಮೆಜಾನ್‌ನಲ್ಲಾದರೆ ತಿಂಗಳು ಮುಗಿದು ಸುಮಾರು 60 ದಿನಕ್ಕೆ ಬರುತ್ತದೆ. ಅಲ್ಲಿ ನಿಮ್ಮ ಲಿಂಕ್ ಒತ್ತಿದ 24 ಗಂಟೆಯೊಳಗೆ ಗ್ರಾಹಕರು ಕಾರ್ಟಿಗೆ ಹಾಕಿದರೆ ಅಥವಾ ಕೊಂಡರೆ ಮಾತ್ರ ನಿಮಗೆ ಪಾಲು.

ಈ ಅಂಕಿ ನೋಡಿದರೆ ಕೆಲಸ ಬಿಟ್ಟು ಇದಕ್ಕೆ ಇಳಿಯಬೇಡಿ ಅಂತ ನಾನು ಯಾಕೆ ಹೇಳುತ್ತೇನೆ ಅನ್ನುವುದು ಅರ್ಥವಾಗುತ್ತದೆ. ಕಡೇಪಕ್ಷ ಒಂದು ವರ್ಷ ಸಂಜೆ ಹೊತ್ತಿನ ಕೆಲಸವಾಗಿ ಮಾಡಿ. ಡೊಮೈನ್‌ಗೆ ವರ್ಷಕ್ಕೆ ಸಾವಿರದ ಆಸುಪಾಸು, ಸರ್ವರ್‌ಗೆ ಶುರುವಿನಲ್ಲಿ ತಿಂಗಳಿಗೆ ನೂರರ ಲೆಕ್ಕದಲ್ಲೇ ಸಾಗುತ್ತದೆ. ಖರ್ಚಾಗುವುದು ನಿಮ್ಮ ಸಮಯ. ಮಾರಾಟದ ಪ್ರಮಾಣಕ್ಕಿಂತ ಮೊದಲು ಒಂದು ಅಂಕಿ ಗಮನಿಸಿ: ಒಮ್ಮೆ ಬಂದವರು ಮೂರು ತಿಂಗಳೊಳಗೆ ಮತ್ತೆ ಬಂದರಾ? ಬರುತ್ತಿದ್ದರೆ ಎರಡನೆಯ ವಸ್ತು ಸೇರಿಸಿ. ಮಿಕ್ಸಿ ಕೊಂಡವರು ಆಮೇಲೆ ಗ್ರೈಂಡರ್, ಕುಕ್ಕರ್ ಕೇಳುತ್ತಾರೆ.

ಹಂತ 11: ಮೊದಲ ಹಬ್ಬದ ಸೇಲ್

2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ಮೊದಲ ಬಿಗ್ ಬಿಲಿಯನ್ ಡೇ ನಡೆಸಿದ ದಿನ ಜನರ ಒತ್ತಡಕ್ಕೆ ಸೈಟೇ ತಡವರಿಸಿತ್ತು. ಅಂಥ ದೊಡ್ಡ ಕಂಪನಿಗೇ ಹಾಗಾದರೆ ನಮ್ಮ ಸಣ್ಣ ಸರ್ವರ್ ಗತಿ ಏನು? ದಸರಾ ಸೇಲಿಗೆ ಮೂರು ವಾರ ಮೊದಲೇ ಸಿದ್ಧತೆ ಶುರು ಮಾಡಿ. ಸರ್ವರ್ ದೊಡ್ಡದು ಮಾಡಿಸಿ, ಜಾಸ್ತಿ ನೋಡುವ 20 ಪುಟಗಳನ್ನು ಕ್ಯಾಶ್‌ನಲ್ಲಿ, ಅಂದರೆ ತಕ್ಷಣ ತೋರಿಸಲು ಮೊದಲೇ ಸಿದ್ಧ ಮಾಡಿದ ಪ್ರತಿಯಾಗಿ ಇಡಿ. ಎಪಿಐ ಮಿತಿ ಇರುವುದರಿಂದ ಎಲ್ಲ ಮಾಡೆಲ್ ಬೆಲೆಯನ್ನೂ ಪದೇ ಪದೇ ಕೇಳಲಾಗುವುದಿಲ್ಲ. ಆ 20 ಮಾಡೆಲ್‌ಗೆ ಗಂಟೆಗೊಮ್ಮೆ, ಉಳಿದವಕ್ಕೆ ದಿನಕ್ಕೆ ಎರಡು ಸಲ ಸಾಕು.

ಸೇಲ್ ಶುರುವಾಗುವ ರಾತ್ರಿ 12 ಗಂಟೆಗೆ ಇಬ್ಬರು ಎಚ್ಚರ ಇರಬೇಕು. ಒಬ್ಬರು ಶೇಕಡ 40ಕ್ಕಿಂತ ಇಳಿದು ತಡೆಹಿಡಿದ ಪಟ್ಟಿ ನೋಡುತ್ತಾ ಒಂದೊಂದನ್ನೇ ಒಪ್ಪುತ್ತಾರೆ, ಯಾಕೆಂದರೆ ಆ ದಿನ ನಿಜವಾಗಿಯೂ ಅಷ್ಟು ಇಳಿಯುವ ಬೆಲೆಗಳಿರುತ್ತವೆ. ಇನ್ನೊಬ್ಬರು ಓದುಗರ ಸಂದೇಶಗಳಿಗೆ ಉತ್ತರಿಸುತ್ತಾರೆ. "ನೀವು ಹಾಕಿದ ಬೆಲೆ ಅಲ್ಲಿಲ್ಲ" ಅಂತ ಬಂದರೆ ಮೊದಲು ಆ ಸಾಲು ಪುಟದಿಂದ ತೆಗೆಯಿರಿ, ಆಮೇಲೆ ಯಾಕೆ ಹಾಗಾಯಿತು ನೋಡಿ, ಆಮೇಲೆ ಅವರಿಗೆ ಫೋನ್ ಅಥವಾ ಮೆಸೇಜ್ ಮಾಡಿ ಈಗ ಎಲ್ಲಿ ಎಷ್ಟಿದೆ ಅಂತ ಹೇಳಿ. ಕಳೆದ ಸೇಲ್‌ನಲ್ಲಿ ಹೀಗೆ ದೂರು ಹೇಳಿದ್ದ ಮಂಡ್ಯದ ಒಬ್ಬ ಅಕ್ಕ ಈಗ ತಮ್ಮ ಸಂಘದವರಿಗೆಲ್ಲ ನಮ್ಮ ಪುಟದ ಲಿಂಕ್ ಕಳಿಸುತ್ತಾರೆ. ಬೆಲೆ ತಪ್ಪಿದ್ದರೆ ಇವತ್ತಿಗೂ ಮೊದಲ ಮೆಸೇಜ್ ಅವರದೇ.